ಎಂಬತ್ತೊಂಬತ್ತು ಮತ, ಒಂದು ವರ್ಷದ ಖಾಲಿ ಕುರ್ಚಿ

2016ರ ಮೇ 19ರಂದು ಮಂಜೇಶ್ವರ ಕ್ಷೇತ್ರದ ಮತ ಎಣಿಕೆ ಮುಗಿದಾಗ ಗೆದ್ದವರಿಗೂ ಸೋತವರಿಗೂ ನಡುವೆ ಇದ್ದದ್ದು ಬರೇ 89 ಮತ. ಮುಸ್ಲಿಂ ಲೀಗಿನ ಪಿ.ಬಿ. ಅಬ್ದುಲ್ ರಝಾಕ್ ಅವರಿಗೆ 56,870, ಬಿಜೆಪಿಯ ಕೆ. ಸುರೇಂದ್ರನ್ ಅವರಿಗೆ 56,781. ಮೂರನೆಯ ಸ್ಥಾನದಲ್ಲಿದ್ದ ಸಿಪಿಎಂನ ಸಿ.ಎಚ್. ಕುಂಞಂಬು ಅವರಿಗೂ 42,565 ಮತ ಬಂದಿತ್ತು. ನಮ್ಮ ಕಡೆಯ ಒಂದು ಸಾಧಾರಣ ಕನ್ನಡ ಎಲ್.ಪಿ. ಶಾಲೆಯ ರಕ್ಷಕ-ಶಿಕ್ಷಕ ಸಂಘದ ಮಹಾಸಭೆಗೆ ತಂದೆ ತಾಯಿ ಇಬ್ಬರೂ ಬಂದರೆ ಸೇರುವಷ್ಟು ಜನ, ಆ 89. ಐದು ವರ್ಷ ಕಳೆದು 2021ರ ಮೇ 2ರಂದು ಅಂತರ ಸ್ವಲ್ಪ ಬೆಳೆಯಿತು: ಲೀಗಿನ ಎ.ಕೆ.ಎಂ. ಅಶ್ರಫ್ 65,758, ಮತ್ತೆ ಅದೇ ಸುರೇಂದ್ರನ್ 65,013. ವ್ಯತ್ಯಾಸ 745.

ಶಾಲೆಯ ಪುಟದಲ್ಲಿ ಚುನಾವಣೆಯ ಲೆಕ್ಕ ಏಕೆ ಎಂದು ಯಾರಾದರೂ ಕೇಳಬಹುದು. ಯಾರು ಗೆಲ್ಲಬೇಕಿತ್ತು ಎಂದು ಹೇಳುವುದಕ್ಕಲ್ಲ. ಅದು ಅವರವರ ಮನೆಯ ವಿಚಾರ. ಆದರೆ ಮಕ್ಕಳನ್ನು ಕನ್ನಡ ಮಾಧ್ಯಮಕ್ಕೆ ಸೇರಿಸಿದ ನಾವು, ತಿರುವನಂತಪುರದ ಸಭೆಯಲ್ಲಿ ನಮ್ಮ ಪರವಾಗಿ ಮಾತನಾಡುವ ಕುರ್ಚಿ ಯಾವುದು, ಅದು ಹೇಗೆ ತುಂಬುತ್ತದೆ, ಖಾಲಿಯಾದರೆ ಏನಾಗುತ್ತದೆ ಎಂಬುದನ್ನು ತಿಳಿದಿರಬೇಕು.

ಕೇರಳದ 140 ಕ್ಷೇತ್ರಗಳ ಪಟ್ಟಿಯಲ್ಲಿ ಮಂಜೇಶ್ವರದ್ದು ಒಂದನೇ ಸಂಖ್ಯೆ. ರಾಜಧಾನಿಯಿಂದ ಎಣಿಸಿದರೆ ಮಾತ್ರ ಕೊನೆಯದು. ಮಂಜೇಶ್ವರ, ವರ್ಕಾಡಿ, ಮೀಂಜ, ಪೈವಳಿಕೆ, ಮಂಗಲ್ಪಾಡಿ, ಕುಂಬಳೆ, ಪುತ್ತಿಗೆ, ಎಣ್ಮಕಜೆ ಎಂಬ ಎಂಟು ಪಂಚಾಯತುಗಳು ಇದರೊಳಗೆ ಬರುತ್ತವೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ನಾಲ್ಕೇ ತಿಂಗಳಲ್ಲಿ, 1957ರಲ್ಲಿ ನಡೆದ ಮೊದಲ ವಿಧಾನಸಭಾ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. ಅನಂತರ 1960, 1965, 1967ರ ಮೂರು ಚುನಾವಣೆಗಳಲ್ಲಿ ಸತತವಾಗಿ ಗೆದ್ದವರು ಕಳ್ಳಿಗೆ ಮಹಾಬಲ ಭಂಡಾರಿ. (1965ರಲ್ಲಿ ಯಾರಿಗೂ ಬಹುಮತ ಬಾರದೆ ಆ ಸಭೆ ಕೂಡಲೇ ಇಲ್ಲ, ಗೆದ್ದವರೆಲ್ಲ ಗೆದ್ದ ಹಾಗೆಯೇ ಮನೆಗೆ ಬಂದರು.) 1967ರಲ್ಲಿ ಪಕ್ಕದ ಕಾಸರಗೋಡು ಕ್ಷೇತ್ರದಲ್ಲಿಯೂ ಯು.ಪಿ. ಕುಣಿಕುಳ್ಳಾಯರು ಗೆದ್ದಿದ್ದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗ ವರದಿ ಕೊಟ್ಟದ್ದೂ ಅದೇ ವರ್ಷ. ಆಗ ಇಲ್ಲಿ ಮತ ಹಾಕುವುದೆಂದರೆ ಭಾಷೆಗೆ ಮತ ಹಾಕುವುದಾಗಿತ್ತು.

1970ರಿಂದ ಆ ದಾರಿ ಮುಗಿಯಿತು. ಆ ವರ್ಷ ಮತ್ತು 1977ರಲ್ಲಿ ಸಿಪಿಐಯ ಎಂ. ರಾಮಪ್ಪ, 1980 ಮತ್ತು 1982ರಲ್ಲಿ ಅದೇ ಪಕ್ಷದ ಎ. ಸುಬ್ಬರಾವ್. ಸುಬ್ಬರಾಯರು ನೀರಾವರಿ ಸಚಿವರೂ ಆದರು. 1987ರಿಂದ ನಾಲ್ಕು ಸಲ ಲೀಗಿನ ಚೆರ್ಕಳಂ ಅಬ್ದುಲ್ಲ, 2006ರಲ್ಲಿ ಕುಂಞಂಬು, 2011ರಲ್ಲಿ ರಝಾಕ್. ಭಾಷೆಯ ಹೆಸರಿನ ಮತ ಪಕ್ಷಗಳ ನಡುವೆ ಹಂಚಿಹೋಯಿತು ಎಂದು ಹಿರಿಯರು ಬೇಸರಪಡುವುದುಂಟು. ನನಗೆ ಅದು ಪೂರ್ತಿ ನಷ್ಟವೆಂದು ಅನಿಸುವುದಿಲ್ಲ. ಮೂರು ಪಕ್ಷಗಳೂ ಕನ್ನಡದಲ್ಲಿ ಕರಪತ್ರ ಅಚ್ಚು ಹಾಕಿಸಿ, ಕನ್ನಡ ಮತ್ತು ತುಳುವಿನಲ್ಲಿ ಭಾಷಣ ಮಾಡಿಸಿ ಮನೆ ಬಾಗಿಲಿಗೆ ಬರುವುದು ಅಂತರ ಇಷ್ಟು ಸಣ್ಣದಾಗಿರುವುದರಿಂದಲೇ.

ಆ 89ರ ಕಥೆ ಎಣಿಕೆಯ ದಿನಕ್ಕೆ ಮುಗಿಯಲಿಲ್ಲ. ಸತ್ತವರ, ವಿದೇಶದಲ್ಲಿರುವವರ ಹೆಸರಲ್ಲಿ ಮತ ಬಿದ್ದಿದೆ ಎಂದು ಸುರೇಂದ್ರನ್ ಹೈಕೋರ್ಟಿಗೆ ಹೋದರು. ಫಲಿತಾಂಶ ಬಂದ 45 ದಿನದೊಳಗೆ ಇಂಥ ಅರ್ಜಿ ಹಾಕಬಹುದು. ಗೆದ್ದವರ ಆಯ್ಕೆಯನ್ನು ರದ್ದು ಮಾಡಿ ಎಂದಷ್ಟೇ ಅಲ್ಲ, ನನ್ನನ್ನೇ ಗೆದ್ದವನೆಂದು ಘೋಷಿಸಿ ಎಂದೂ ಕೇಳಬಹುದು. ಸಾಕ್ಷಿಗಳಿಗೆ ಸಮನ್ಸು ಹೋಯಿತು. ಸತ್ತವರೆಂದು ಪಟ್ಟಿಯಲ್ಲಿದ್ದವರೇ ಕೆಲವರು ಜೀವಂತವಾಗಿ ಎದುರು ಬಂದದ್ದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ವಿಚಾರಣೆ ಎಳೆಯುತ್ತಿರುವಾಗಲೇ, 2018ರ ಅಕ್ಟೋಬರ್ 20ರಂದು ರಝಾಕ್ ತೀರಿಕೊಂಡರು.

ಸಾಮಾನ್ಯವಾಗಿ ಆರು ತಿಂಗಳೊಳಗೆ ಉಪಚುನಾವಣೆ ಆಗಬೇಕು. ಆದರೆ ಕುರ್ಚಿ ಯಾರದೆಂಬ ವ್ಯಾಜ್ಯವೇ ಕೋರ್ಟಿನಲ್ಲಿತ್ತು. 2019ರ ಏಪ್ರಿಲ್‌ನಲ್ಲಿ ಲೋಕಸಭೆಗೆ ಮತ ಹಾಕಿದೆವು, ವಿಧಾನಸಭೆಗೆ ಹಾಕಲಿಲ್ಲ. ಅರ್ಜಿ ಹಿಂತೆಗೆದ ಮೇಲೆ ಅಕ್ಟೋಬರ್ 21ರಂದು ಉಪಚುನಾವಣೆ ನಡೆಯಿತು. ಲೀಗಿನ ಎಂ.ಸಿ. ಖಮರುದ್ದೀನ್ ಬಿಜೆಪಿಯ ರವೀಶ ತಂತ್ರಿ ಕುಂಟಾರು ಅವರಿಗಿಂತ 7,923 ಮತ ಹೆಚ್ಚು ಪಡೆದು ಗೆದ್ದರು. ಅಂದರೆ ಒಂದು ವರ್ಷ ಪೂರ್ತಿ ಮಂಜೇಶ್ವರಕ್ಕೆ ಶಾಸಕರಿರಲಿಲ್ಲ.

ಆ ವರ್ಷದೊಳಗೆ ಒಂದು ಜೂನ್ ತಿಂಗಳು ಬಂದು ಹೋಯಿತು. ಜೂನ್ ಏಕೆ ಮುಖ್ಯವೆಂದರೆ, ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಆ ಎಣಿಕೆಯ ಮೇಲೆ ಅಧ್ಯಾಪಕರ ಹುದ್ದೆ ನಿಲ್ಲುತ್ತದೆ ಅಥವಾ ಬೀಳುತ್ತದೆ. ಒಂದು ವಿಭಾಗದಲ್ಲಿ ಎರಡು ಮೂರು ಮಕ್ಕಳು ಕಡಿಮೆಯಾದರೂ ಒಂದು ಹುದ್ದೆ ಹೋಗಬಹುದು. ನಮ್ಮ ಶಾಲೆಗಳಲ್ಲಿ 89 ಮತಕ್ಕಿಂತಲೂ ಸಣ್ಣ ಅಂತರ ಇದು. ಶಾಸಕರು ಆ ಲೆಕ್ಕವನ್ನು ಬದಲಿಸಲಾರರು, ಅಧ್ಯಾಪಕರನ್ನು ನೇಮಿಸಲೂ ಆಗದು. ಸರಕಾರಿ ಶಾಲೆಯಲ್ಲಿ ಅದು ಪಿ.ಎಸ್.ಸಿ. ಮೂಲಕ, ಅನುದಾನಿತ ಶಾಲೆಯಲ್ಲಿ ವ್ಯವಸ್ಥಾಪಕರ ಮೂಲಕ. ಆದರೆ ಕನ್ನಡ ಬಾರದ ಅಧ್ಯಾಪಕರು ಕನ್ನಡ ಮಾಧ್ಯಮದ ತರಗತಿಗೆ ಬಂದು ನಿಂತಾಗ (ಕಾಸರಗೋಡಿನ ಮಕ್ಕಳು, ಹೆತ್ತವರು ಇದಕ್ಕಾಗಿ ಶಾಲೆಯ ಮುಂದೆ ಪ್ರತಿಭಟನೆಗೆ ಕುಳಿತದ್ದು ಒಂದು ಸಲವಲ್ಲ) ಶಿಕ್ಷಣ ಸಚಿವರನ್ನು ಸಭೆಯೊಳಗೆ ನಿಲ್ಲಿಸಿ ಪ್ರಶ್ನೆ ಕೇಳಿ, ಲಿಖಿತ ಉತ್ತರ ದಾಖಲೆಗೆ ತರಿಸಬಲ್ಲವರು ಶಾಸಕರು ಮಾತ್ರ. ನಾವು ಕೊಡುವ ಮನವಿ ಕಡತದಲ್ಲಿ ಮಲಗಬಹುದು. ಸಭೆಯಲ್ಲಿ ಕೇಳಿದ ಪ್ರಶ್ನೆಗೆ ಇಲಾಖೆ ಉತ್ತರ ಬರೆಯಲೇಬೇಕು. ಕಟ್ಟಡ, ಶೌಚಾಲಯ, ಶಾಲಾ ಬಸ್ಸು ಇಂಥವಕ್ಕೆ ಅವರ ನಿಧಿಯಿಂದ ಹಣ ಬರುವುದು ಬೇರೆ ಮಾತು.

ಆ ಪ್ರಶ್ನೆಯನ್ನು ಕನ್ನಡದಲ್ಲೇ ಕೇಳಬಹುದೇ? ಬೇರೆ ಭಾಷೆಯಲ್ಲಿ ಮಾತನಾಡಲಾಗದ ಸದಸ್ಯರಿಗೆ ಮಾತೃಭಾಷೆಯಲ್ಲಿ ಮಾತನಾಡಲು ಸ್ಪೀಕರ್ ಅನುಮತಿ ಕೊಡಬಹುದು ಎಂದು ಸಂವಿಧಾನದ 210ನೇ ವಿಧಿ ಹೇಳುತ್ತದೆ. 2021ರ ಮೇ ತಿಂಗಳಲ್ಲಿ ಅಶ್ರಫ್ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಅದೇ ದಿನ ದೇವಿಕುಳಂ ಶಾಸಕರು ತಮಿಳಿನಲ್ಲಿ ಸ್ವೀಕರಿಸಿದ್ದರು. ಆದರೆ ಅನುವಾದದಲ್ಲಿ ಪ್ರತಿಜ್ಞೆಯ ಮುಖ್ಯ ಪದವೇ ಬಿಟ್ಟುಹೋಗಿ, ಅವರು ಮತ್ತೊಮ್ಮೆ ಪ್ರಮಾಣ ಮಾಡಬೇಕಾಯಿತು, ದಂಡವನ್ನೂ ಕಟ್ಟಬೇಕಾಯಿತು. ಅಲ್ಪಸಂಖ್ಯಾತ ಭಾಷೆಗೆ ಸರಕಾರಿ ಅನುವಾದ ಮಾಡುವವರ ಎಚ್ಚರ ಎಷ್ಟೆಂದು ಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನು ನೋಡಿದ ನಮಗೆ ಗೊತ್ತಿಲ್ಲವೇ.

ಶಾಸಕರ ಮೂಲಕವೇ ಹೋಗಬೇಕೆಂದೂ ಇಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ಸರಕಾರಕ್ಕೆ, ಇಲಾಖಾ ಮುಖ್ಯಸ್ಥರಿಗೆ, ನಮ್ಮ ಭಾಗದ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು. ಉತ್ತರವೂ ಕನ್ನಡದಲ್ಲೇ ಬರಬೇಕು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಕರ್ಯ ಒದಗಿಸಲು ರಾಜ್ಯ ಪ್ರಯತ್ನಿಸಬೇಕೆಂದು ಸಂವಿಧಾನದ 350-ಎ ವಿಧಿಯಲ್ಲಿದೆ. ರಕ್ಷಕ-ಶಿಕ್ಷಕ ಸಂಘದ ಮನವಿಯಲ್ಲಿ ಈ ಎರಡನ್ನೂ ಹೆಸರು ಹೇಳಿ ಬರೆಯಿರಿ, ಒಂದು ಪ್ರತಿಯನ್ನು ಶಾಸಕರ ಕಚೇರಿಗೂ ಕೊಡಿ.

ಮತದಾನದ ದಿನ ನಮ್ಮ ಶಾಲೆಯೇ ಮತಗಟ್ಟೆ. ಬೆಂಚುಗಳೆಲ್ಲ ವರಾಂಡಕ್ಕೆ ಬಂದಿರುತ್ತವೆ, ಒಂದನೇ ತರಗತಿಯ ಗೋಡೆಯ ವರ್ಣಮಾಲೆಯ ಕೆಳಗೆ ಮತಯಂತ್ರ ಕೂತಿರುತ್ತದೆ. ಮತಗಟ್ಟೆಯೆಂದ ಮೇಲೆ ಇಳಿಜಾರು ದಾರಿ, ಕುಡಿಯುವ ನೀರು, ವಿದ್ಯುತ್ತು, ಶೌಚಾಲಯ ಇರಲೇಬೇಕೆಂದು ಚುನಾವಣಾ ಆಯೋಗದ ಸೂಚನೆ ಇದೆ. ವರ್ಷವಿಡೀ ಕೇಳಿದರೂ ಸಿಗದ ನಲ್ಲಿ ಆ ವಾರ ಸಿಗುವುದುಂಟು. ಆ ಹೊತ್ತಿಗೆ ಮುಖ್ಯೋಪಾಧ್ಯಾಯರ ಜೊತೆ ಒಮ್ಮೆ ಶಾಲೆ ಸುತ್ತಿ ಪಟ್ಟಿ ಮಾಡಿ ಕೊಟ್ಟರೆ ತಪ್ಪೇನಿಲ್ಲ.

ಇನ್ನು ಪ್ಲಸ್ ಟು ಓದುವ ಮಕ್ಕಳಿರುವ ಮನೆಗೆ ಒಂದು ಮಾತು. ಮೊದಲು ಜನವರಿ 1ಕ್ಕೆ 18 ತುಂಬಿದವರ ಹೆಸರು ಮಾತ್ರ ಸೇರುತ್ತಿತ್ತು. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1ನೇ ತಾರೀಕು, ಹೀಗೆ ನಾಲ್ಕು ದಿನಗಳಿವೆ. 17 ತುಂಬಿದ ಮೇಲೆ ಮುಂಗಡವಾಗಿಯೇ ಫಾರಂ 6 ಭರ್ತಿ ಮಾಡಬಹುದು. ಫಾರಂ ಬೂತ್ ಮಟ್ಟದ ಅಧಿಕಾರಿಯ ಬಳಿ ಸಿಗುತ್ತದೆ. ಪಟ್ಟಿ ಬಂದಾಗ ಮಗನ ಅಥವಾ ಮಗಳ ಹೆಸರು, ಮನೆತನದ ಹೆಸರು ಶಾಲಾ ದಾಖಲೆಯಲ್ಲಿದ್ದಂತೆಯೇ ಇದೆಯೇ ಎಂದು ನೋಡಿಕೊಳ್ಳಿ. ಮಲಯಾಳದಿಂದ ಕನ್ನಡಕ್ಕೆ ಬರುವಾಗ ಶೆಟ್ಟಿ, ಭಟ್, ರೈಗಳು ಏನೇನೋ ಆಗಿರುತ್ತಾರೆ; ತಿದ್ದುಪಡಿಗೆ ಇರುವುದು ಫಾರಂ 8.