ಹಿಂದಿನ ಸೀಟಿನವರನ್ನು ಕೇಳಿದ್ದೀರಾ?

ಬೈಕಿಗೆ ಹೊಸ ಸೀಟು ಹಾಕಿಸಲು ಅಂಗಡಿಗೆ ಹೋಗುವುದು ಯಾರು? ಓಡಿಸುವವರು. ಕೂತು ನೋಡುವುದು ಅವರೇ, ಹಣ ಕೊಡುವುದೂ ಅವರೇ. ಹಿಂದೆ ಕೂರುವ ಹೆಂಡತಿಗೋ ಉಮ್ಮನಿಗೋ ಆ ಸೀಟು ಕಾಣುವುದು ಮನೆಯಂಗಳಕ್ಕೆ ಬಂದ ಮೇಲೆ. ನಾವೂ ಹಾಗೆಯೇ ಮಾಡಿದ್ದು.

ನಮ್ಮದು ಹಳೆಯ ಸ್ಪ್ಲೆಂಡರ್. ಮದ್ರಸ ಬಿಟ್ಟ ಮೇಲೆ ಪೇಟೆಗೆ, ರಜೆಯಲ್ಲಿ ಉಪ್ಪಿನಂಗಡಿ ಕಡೆ ಹೆಂಡತಿಯ ತವರಿಗೆ, ಎಲ್ಲದಕ್ಕೂ ಅದೇ. ವರ್ಷಗಟ್ಟಲೆ ಓಡಿ ಸೀಟಿನ ಫೋಮು ಕುಸಿದು ನಡುವೆ ಗುಂಡಿ ಬಿದ್ದಿತ್ತು. ಬಿ.ಸಿ.ರೋಡ್–ಅಡ್ಡಹೊಳೆ ಚತುಷ್ಪಥ ಕಾಮಗಾರಿ ನಡೆಯುತ್ತಿದ್ದ ಕಾಲ ಅದು. ಕಲ್ಲಡ್ಕ ದಾಟುವಾಗ ರಸ್ತೆಯ ಹೊಂಡ ಒಂದು ಕಡೆ, ಸೀಟಿನ ಹೊಂಡ ಇನ್ನೊಂದು ಕಡೆ. ಸೊಂಟ ಹಿಡಿದುಕೊಂಡೇ ಇಳಿಯಬೇಕಿತ್ತು.

ಒಂದು ದಿನ ಪೇಟೆಯಲ್ಲಿ ರೆಡಿಮೇಡ್ ಸೀಟೊಂದು ಕಣ್ಣಿಗೆ ಬಿತ್ತು. ಕೆಂಪು ನೂಲಿನ ಹೊಲಿಗೆ, ಮುಂಭಾಗ ತಗ್ಗು, ಹಿಂಭಾಗ ಎತ್ತರ, ಬೆರಳಿಟ್ಟರೆ ಹಲ್ವದಲ್ಲಿ ಇಳಿದಂತೆ ಇಳಿಯುವಷ್ಟು ಮೆತ್ತಗೆ. ಕೂತೆವು, ಖುಷಿಯಾಯಿತು, ತಂದೆವು.

ಎರಡು ತಿಂಗಳಾಗಿರಬೇಕು. ತವರಿಗೆ ಹೊರಡುವ ದಿನ ಮನೆಯಾಕೆ, "ನೀವು ಬೈಕಲ್ಲಿ ಹೋಗಿ, ನಾನು ಮಕ್ಕಳೊಟ್ಟಿಗೆ ಬಸ್ಸಲ್ಲಿ ಬರ್ತೇನೆ" ಎಂದಳು. ಮಕ್ಕಳಿಗಾಗಿ ಅಂದುಕೊಂಡೆವು. ಮುಂದಿನ ಸಲವೂ ಬಸ್ಸೇ. ಕೊನೆಗೆ ವಿಷಯ ಹೇಳಿದ್ದು ನಮ್ಮ ಉಮ್ಮ: "ಆ ಸೀಟಲ್ಲಿ ಅವಳಿಗೆ ಕೂರ್ಲಿಕ್ಕೆ ಆಗುದಿಲ್ಲ ಮಗಾ. ಬ್ರೇಕ್ ಹಾಕಿದ್ರೆ ಜಾರ್ತಾಳೆ. ದಾರಿಯುದ್ದ ಬೀಳ್ತೇನಾ ಅಂತ ಹೆದರಿಕೆ. ನೀನು ಹಣ ಕೊಟ್ಟು ತಂದದ್ದಲ್ವಾ, ಹೇಳ್ಲಿಕ್ಕೆ ಸಂಕೋಚ."

ಮುಖ ಎಲ್ಲಿ ಇಟ್ಟುಕೊಳ್ಳುವುದು ಎಂದಾಯಿತು ನಮಗೆ. ಮರುದಿನವೇ ಸೀಟು ಹೊಲಿಯುವ ಕಾಕನೊಬ್ಬರ ಬಳಿ ಹೋದೆವು. ಅವರ ಮೊದಲ ಮಾತೇ, "ಒಬ್ಬರೇ ಬಂದದ್ದಾ ಉಸ್ತಾದರೇ? ಹಿಂದೆ ಕೂರುವವರು ಎಲ್ಲಿ?" ಮನೆಯಾಕೆಯನ್ನು ಕರೆದುಕೊಂಡು ಹೋದ ಮೇಲೆಯೇ ಅವರು ಟೇಪು ಕೈಗೆತ್ತಿಕೊಂಡದ್ದು.

ಮೆತ್ತಗಿದ್ದರೆ ಸುಖ ಎಂಬುದು ದೊಡ್ಡ ತಪ್ಪು ತಿಳುವಳಿಕೆ. ಅಂಗಡಿಯಲ್ಲಿ ಎರಡು ನಿಮಿಷ ಕೂತಾಗ ಮೆತ್ತಗಿನ ಫೋಮು ಹಿತವೇ. ಅರ್ಧ ಗಂಟೆ ಕಳೆದರೆ ಅದು ಪೂರ್ತಿ ಅಮರಿ, ಕೂರುವ ಎರಡು ಎಲುಬುಗಳು ಕೆಳಗಿನ ಗಟ್ಟಿ ತಟ್ಟೆಯನ್ನು ಮುಟ್ಟುತ್ತವೆ. ಸ್ವಲ್ಪ ಬಿಗಿಯಾದ ಫೋಮು ಭಾರವನ್ನು ತೊಡೆಗೂ ಹಂಚುತ್ತದೆ. ಮೊಣಕಾಲು ಊರಿ ಒತ್ತಿದಾಗ ತಳ ಸಿಕ್ಕಿದರೆ ಆ ಸೀಟು ಬೇಡ ಎಂದರು ಕಾಕ. ಅವರು ಅಡಿಯಲ್ಲಿ ಬಿಗಿ ಫೋಮು ಅಂಟಿಸಿ, ಮೇಲೆ ತೆಳ್ಳಗೆ ಮಾತ್ರ ಮೆದು ಪದರ ಕೊಟ್ಟರು.

ಇನ್ನು ಜಾರುವ ವಿಷಯ. ನಮ್ಮ ಹೆಂಗಸರು ಹೆಚ್ಚಾಗಿ ಒಂದೇ ಕಡೆಗೆ ಕಾಲು ಹಾಕಿ ಕೂರುವವರು. ಬುರ್ಖಾದ ಬಟ್ಟೆಯೂ ನಯ, ರೆಕ್ಸಿನೂ ನಯ. ಕಾಲು ಎರಡೂ ಕಡೆ ಹಾಕಿದವರು ತೊಡೆಯಿಂದ ಹಿಡಿತ ಮಾಡಿಕೊಳ್ಳುತ್ತಾರೆ, ಒಂದೇ ಕಡೆ ಕೂತವರಿಗೆ ಅದು ಇಲ್ಲ. ಸೀಟು ಮುಂದಕ್ಕೆ ಇಳಿಜಾರಾಗಿದ್ದರೆ ಪ್ರತಿ ಬ್ರೇಕಿಗೂ ಜಾರುವುದೇ. ಅವರಿಗೆ ಬೇಕಾದದ್ದು ಸಮತಟ್ಟಾದ, ಅಗಲವಾದ, ಅಂಚು ಚೂಪಿಲ್ಲದ ಸೀಟು. ರೆಕ್ಸಿನ್ ಸ್ವಲ್ಪ ಒರಟಾಗಿರಬೇಕು. ಹೊಳೆಯುವುದು ನೋಡಲಿಕ್ಕೆ ಚಂದ ಅಷ್ಟೆ.

ನಮಗೆ ಹೊಳೆಯದೇ ಇದ್ದದ್ದು ಎತ್ತರದ ಲೆಕ್ಕ. ಸ್ಪ್ಲೆಂಡರ್ ಪ್ಲಸ್‌ನ ಸೀಟು ನೆಲದಿಂದ 785 ಮಿಲಿಮೀಟರ್. ಅದಕ್ಕೆ ಒಂದಿಂಚು ಫೋಮು ಏರಿಸಿದರೆ 810. ಅಂದರೆ 805 ಮಿಲಿಮೀಟರಿನ ಕ್ಲಾಸಿಕ್ 350ಗಿಂತಲೂ ಎತ್ತರ! ಓಡಿಸುವವರ ಹಿಮ್ಮಡಿ ನೆಲ ಬಿಡುತ್ತದೆ. ಮುಂಭಾಗವನ್ನು ಅಗಲ ಮಾಡಿದರೂ ಅದೇ ಕತೆ, ತೊಡೆ ಹರಡಿಕೊಂಡು ಕಾಲು ಗಿಡ್ಡವಾಗುತ್ತದೆ. ಹಿಂಭಾಗ ಎತ್ತರವಾದರೆ ಒಂದೇ ಕಡೆ ಕೂತವರ ಪಾದ ಸ್ಯಾರಿ ಗಾರ್ಡಿನ ಮೆಟ್ಟಿಲಿಗೆ ಎಟುಕುವುದಿಲ್ಲ, ಹಿಡಿಯುವ ಕಂಬಿಯೂ ಕೆಳಗಾಗುತ್ತದೆ. ನಮ್ಮ ಮನೆಯಾಕೆಯ ಹೆದರಿಕೆಗೆ ಅರ್ಧ ಕಾರಣ ಇದೇ. ಕಾಲು ನೇತಾಡುತ್ತಿತ್ತು.

ಸ್ಯಾರಿ ಗಾರ್ಡ್ ಅಂದಾಗ ಒಂದು ಮಾತು. ಸ್ಟೈಲಿಗೆಂದು ಅದನ್ನು ಬಿಚ್ಚಿ ಗುಜರಿಗೆ ಹಾಕುವ ಹುಡುಗರಿದ್ದಾರೆ. ಹಿಂಬದಿ ಸವಾರರಿಗೆ ಕೈಹಿಡಿ, ಕಾಲಿಡಲು ಜಾಗ, ಬಟ್ಟೆ ಸಿಕ್ಕದಂತೆ ಹಿಂದಿನ ಚಕ್ರದ ಕನಿಷ್ಠ ಅರ್ಧ ಭಾಗಕ್ಕೆ ರಕ್ಷಣೆ ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 123ನೇ ನಿಯಮ ಹೇಳುತ್ತದೆ. ಬುರ್ಖಾದ ಅಂಚು ಚಕ್ರಕ್ಕೆ ಸಿಕ್ಕಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಸೀಟು ಭದ್ರವಾಗಿ ಬಿಗಿದಿರಬೇಕು, ಹಿಂದೆ ಒಬ್ಬರು ಮಾತ್ರ ಎಂಬುದೂ 1988ರ ಕಾಯ್ದೆಯ 128ನೇ ಸೆಕ್ಷನ್‌ನಲ್ಲೇ ಉಂಟು. ಹೊಸ ಸೀಟು ಹಾಕಿದ ಮೇಲೆ ಲಾಕು ಸರಿಯಾಗಿ ಬಿತ್ತಾ, ಅಲುಗಾಡುತ್ತದಾ ಎಂದು ಕೈಯಿಂದ ಎಳೆದು ನೋಡಿ.

ಗಲ್ಫಿನಿಂದ ರಜೆಗೆ ಬಂದ ನಮ್ಮ ಹುಡುಗರಿಗೆ ರಾಯಲ್ ಎನ್‌ಫೀಲ್ಡ್ ಅಂದರೆ ಜೀವ. ಕ್ಲಾಸಿಕ್‌ನಲ್ಲಿ ಮುಂದಿನ ಸೀಟು ಬೇರೆ, ಹಿಂದಿನದು ಬೇರೆ. ಕಂಪೆನಿಯೇ ಟೂರಿಂಗ್ ಸೀಟು ಮಾರುತ್ತದೆ, ಅದೂ ಎರಡಕ್ಕೂ ಬೇರೆ ಬೇರೆ. ಮುಂದಿನದನ್ನು ಮಾತ್ರ ಬದಲಿಸಿ ಹೊಸ ಮದುಮಗಳನ್ನು ಹಿಂದಿನ ಸಣ್ಣ ಗಾದಿಯ ಮೇಲೆ ಕೂರಿಸಿ ಆಗುಂಬೆಗೆ ಹೊರಡುವವರನ್ನು ಕಂಡರೆ ಏನು ಹೇಳುವುದು!

ಮೇಲೆ ಪಟ್ಟಿಯಿಂದ ಕಟ್ಟುವ ಜೆಲ್ ಪ್ಯಾಡು, ಗಾಳಿ ತುಂಬುವ ಕುಶನ್‌ಗಳೂ ಸಿಗುತ್ತವೆ. ಒಬ್ಬರೇ ದೂರ ಓಡಿಸುವವರಿಗೆ ಪರವಾಗಿಲ್ಲ. ಒಂದೇ ಕಡೆ ಕೂರುವವರಿಗೆ ನಾವು ಹೇಳಲಾರೆವು, ಪ್ಯಾಡೇ ಸರಿದರೆ ಮತ್ತೆ ಅದೇ ಭಯ. ನಮ್ಮ ಮಳೆಗಾಲವನ್ನೂ ನೆನಪಿಡಬೇಕು. ಕೂರುವ ಜಾಗದಲ್ಲೇ ಹೊಲಿಗೆ ಇದ್ದರೆ ಸೂಜಿ ತೂತಿನಿಂದ ನೀರು ಇಳಿದು ಫೋಮು ಸ್ಪಂಜಿನಂತೆ ಹೀರಿಕೊಳ್ಳುತ್ತದೆ. ಮಳೆ ನಿಂತರೂ ಕೂತವರ ಬಟ್ಟೆ ಒದ್ದೆ. ಹೊಲಿಗೆ ಬದಿಗೆ ಬರಲಿ ಎಂದು ಮೊದಲೇ ಹೇಳಿಬಿಡಿ.

ಇಷ್ಟೆಲ್ಲ ಖರ್ಚಿಗೆ ಮೊದಲು ಮೆಕ್ಯಾನಿಕ್ ಬಳಿ ಹಿಂದಿನ ಶಾಕ್ ಅಬ್ಸಾರ್ಬರ್ ಒಮ್ಮೆ ತೋರಿಸಿ. ಸ್ಪ್ಲೆಂಡರಿನಂತಹ ಬೈಕುಗಳಲ್ಲಿ ಅದನ್ನು ಐದು ಹಂತದಲ್ಲಿ ಹೊಂದಿಸಬಹುದು. ಇಬ್ಬರು ಕೂರುವಾಗ ಒಂದೆರಡು ಹಂತ ಬಿಗಿ ಮಾಡಿದರೆ ತಳ ಬಡಿಯುವುದು ಕಡಿಮೆಯಾಗುತ್ತದೆ. ಎಣ್ಣೆ ಸೋರುವ ಶಾಕ್ ಇಟ್ಟುಕೊಂಡು ಎಂತಹ ಸೀಟು ಹಾಕಿದರೂ ಸೊಂಟ ಉಳಿಯುವುದಿಲ್ಲ. ಹಳೆಯ ಸೀಟನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ. ನಮ್ಮ ಕಾಕ ಹೊಸ ಫೋಮು ಅಂಟಿಸಿದ್ದು ಕಂಪೆನಿಯ ಆ ಹಳೆಯ ತಟ್ಟೆಯ ಮೇಲೆಯೇ. ಕೆಂಪು ನೂಲಿನದು ಈಗ ಅಟ್ಟದಲ್ಲಿದೆ.

ಹೊಸ ಸೀಟು ಹಾಕಿದ ವಾರ ಇಬ್ಬರೂ ಉಪ್ಪಿನಂಗಡಿಗೆ ಹೊರಟೆವು. ಮಾಣಿಯಲ್ಲಿ ಚಾ ಕುಡಿಯುವ ನೆಪದಲ್ಲಿ ಸೊಂಟ ನೇರ ಮಾಡಿಕೊಳ್ಳುವುದು ನಮ್ಮ ರೂಢಿ. ಬೈಕು ನಿಧಾನ ಮಾಡಿದಾಗ ಹಿಂದಿನಿಂದ, "ಚಾ ಮನೆಗೆ ಹೋಗಿ ಕುಡಿಯುವ, ಸೀದಾ ಹೋಗಿ" ಎಂಬ ಮಾತು ಬಂತು. ಈಗ ಅವಳದ್ದು ಒಂದೇ ತಕರಾರು. ಬಿಸಿಲಲ್ಲಿ ನಿಲ್ಲಿಸಿದರೆ ಕಪ್ಪು ರೆಕ್ಸಿನ್ ಕಾದ ಕಾವಲಿಯಾಗುತ್ತದೆ. ಅದಕ್ಕೊಂದು ಬಿಳಿ ಟವೆಲು ಬೈಕಿನಲ್ಲೇ ಇಟ್ಟಿದ್ದೇವೆ.