ಪಯಣದ ಪದಗಳು: ಗಡಿನಾಡಿನ ಇಂಗ್ಲಿಷ್ ಕಲಿಕೆಯಲ್ಲಿ ಸೇತುಭಾಷೆಯ ಪ್ರಶ್ನೆ

ಇಂಗ್ಲಿಷನ್ನು ಹೊಸದಾಗಿ ಕಲಿಸುವ ಪುಸ್ತಕಗಳಲ್ಲಿ ಪ್ರಯಾಣ ಹಾಗೂ ಹೊರಸಂಚಾರದ ಪಾಠವೊಂದು ಬಹುಮಟ್ಟಿಗೆ ಇದ್ದೇ ಇರುತ್ತದೆ. ಬಸ್ಸು, ರೈಲು, ಬೆಟ್ಟ, ತೊರೆ, ತೋಪು, ಪಿಕ್ನಿಕ್ಕು ಮೊದಲಾದವು ನಿತ್ಯದ ಸಂಗತಿಗಳಾದುದರಿಂದ ಇವುಗಳ ಪದಗಳು ಸುಲಭವೆಂದೂ, ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡವಿರುವ ಪಟ್ಟಿಯೊಂದನ್ನು ಬಾಯಿಪಾಠ ಮಾಡಿಸಿದರೆ ಸಾಕೆಂದೂ ತಿಳಿಯುವುದು ವಾಡಿಕೆ. ಗಡಿಯಾಚೆಯ ಕನ್ನಡ ವಿದ್ಯಾರ್ಥಿಯ ಮಟ್ಟಿಗೆ ಈ ಪಟ್ಟಿಯ ಬಲಭಾಗವೇ ಅಲುಗಾಡುತ್ತಿರುತ್ತದೆ. ಅಲ್ಲಿ ಮನೆಯ ಕನ್ನಡ, ಪಠ್ಯದ ಕನ್ನಡ ಮತ್ತು ಆಯಾ ರಾಜ್ಯದ ಭಾಷೆ ಒಂದರ ಮೇಲೊಂದು ಕುಳಿತಿರುತ್ತವೆ. ಇಂಗ್ಲಿಷ್ ಪದವು ಇವುಗಳಲ್ಲಿ ಯಾವುದರ ಮೂಲಕ ಒಳಬರುತ್ತದೆ ಎಂಬುದರ ಮೇಲೆ ಅದರ ಅರ್ಥವೂ ನಿರ್ಧಾರವಾಗುತ್ತದೆ.

‘ಪ್ರವಾಸಿ’ ಎಂಬ ಒಂದೇ ಪದವನ್ನು ಪರಿಶೀಲಿಸಬಹುದು. ಕರ್ನಾಟಕದ ಕನ್ನಡದಲ್ಲಿ ಪ್ರವಾಸಿ ಎಂದರೆ ಸ್ಥಳಗಳನ್ನು ನೋಡಲು ಹೊರಟವನು, ಇಂಗ್ಲಿಷಿನ ಟೂರಿಸ್ಟ್. ಬಸ್ಸಿನಲ್ಲಿ ಕುಳಿತವನು ಪ್ರಯಾಣಿಕ, ಅಂದರೆ ಪ್ಯಾಸೆಂಜರ್. ಸೊಲ್ಲಾಪುರದ ಬಸ್ ನಿಲ್ದಾಣಕ್ಕೆ ಬಂದರೆ ಮರಾಠಿಯ ‘ಪ್ರವಾಸೀ’ ಟಿಕೇಟು ತೆಗೆದುಕೊಂಡ ಪ್ರತಿಯೊಬ್ಬನೂ ಹೌದು. ಅವನು ಸಂತೆಗೆ ಹೊರಟಿರಲಿ, ಆಸ್ಪತ್ರೆಗೆ ಹೊರಟಿರಲಿ, ಪ್ರವಾಸಿಯೇ. ಕಾಸರಗೋಡಿನಲ್ಲಿ ಮಲಯಾಳದ ‘ಪ್ರವಾಸಿ’ ಊರು ಬಿಟ್ಟು ಕೊಲ್ಲಿ ರಾಷ್ಟ್ರಗಳಲ್ಲಿಯೋ ಇತರೆಡೆಯೋ ದುಡಿಯುತ್ತಿರುವವನು. ಮೂರು ಭಾಷೆಗಳಿಗೂ ಸಮಾನವಾದ ಈ ಸಂಸ್ಕೃತ ಪದವು ಇಂಗ್ಲಿಷಿಗೆ ದಾಟುವಾಗ ಟೂರಿಸ್ಟ್, ಪ್ಯಾಸೆಂಜರ್, ಎಕ್ಸ್‌ಪ್ಯಾಟ್ರಿಯೇಟ್ ಎಂಬ ಮೂರು ಬೇರೆ ದಾರಿಗಳನ್ನು ಹಿಡಿಯುತ್ತದೆ.

‘ಯಾತ್ರೆ’ಯ ಪಾಡೂ ಇದೇ. ಕನ್ನಡದಲ್ಲಿ ಯಾತ್ರಿಕ ಎಂದೊಡನೆ ಕಾಶಿಯೋ ಶ್ರೀಶೈಲವೋ ಕಣ್ಮುಂದೆ ಬರುತ್ತದೆ. ಮಲಯಾಳದಲ್ಲಿ ‘ಯಾತ್ರಕ್ಕಾರನ್’ ಸಾಮಾನ್ಯ ಪ್ರಯಾಣಿಕ. ‘ವಿನೋದಯಾತ್ರ’ ಎಂಬುದು ಶಾಲೆಯ ಮಕ್ಕಳು ಕೈಗೊಳ್ಳುವ ಪ್ರವಾಸ. ತೆಲುಗಿನ ‘ವಿಹಾರಯಾತ್ರ’ವೂ ಈ ಅರ್ಥಕ್ಕೆ ಹತ್ತಿರದ್ದು. ಮರಾಠಿ ಶಾಲೆಗಳಲ್ಲಿ ಅದು ‘ಸಹಲ್’, ತಮಿಳಿನಲ್ಲಿ ‘ಸುಟ್ರುಲಾ’. ಶಿಕ್ಷಕರು ರಾಜ್ಯಭಾಷೆಯ ನಿಘಂಟನ್ನು ನೋಡಿ ಜರ್ನಿ ಎಂದರೆ ಯಾತ್ರೆ ಎಂದು ಬರೆಸಿದರೆ, ಕನ್ನಡದ ಮಗು ಅದನ್ನು ತೀರ್ಥಯಾತ್ರೆ ಎಂದು ಗ್ರಹಿಸುವ ಸಂಭವವುಂಟು. ಇಲ್ಲಿನ ತೊಡಕು ಅಪರಿಚಿತ ಪದದಿಂದ ಹುಟ್ಟಿದ್ದಲ್ಲ. ಅತಿ ಪರಿಚಿತವೆಂದು ತೋರುವ ಪದದಿಂದ ಹುಟ್ಟಿದ್ದು. ಆದುದರಿಂದಲೇ ಅದು ಬೇಗನೆ ಕಣ್ಣಿಗೆ ಬೀಳುವುದಿಲ್ಲ.

ಇಂಗ್ಲಿಷಿನ ಕಡೆಯಿಂದಲೂ ಈ ಪದಗಳು ಒಂದಕ್ಕೊಂದು ಪರ್ಯಾಯಗಳಲ್ಲ. ಟ್ರಾವೆಲ್ ಎಂಬುದು ಬವಣೆ, ದುಡಿಮೆ ಎಂಬ ಅರ್ಥದ ಹಳೆಯ ಫ್ರೆಂಚ್ ಪದದಿಂದ ಬಂದಿದೆ. ಜರ್ನಿಯ ಮೂಲದಲ್ಲಿ ‘ಒಂದು ದಿನ’ ಎಂಬ ಅರ್ಥವಿದ್ದು, ಅದು ದಿನವೊಂದರಲ್ಲಿ ಸವೆಸುವ ದಾರಿಯನ್ನು ಸೂಚಿಸುತ್ತಿತ್ತು. ಎಕ್ಸ್‌ಕರ್ಷನ್ ಎಂದರೆ ಲ್ಯಾಟಿನಿನಲ್ಲಿ ಹೊರಗೆ ಓಡುವುದು. ಟ್ರಿಪ್ ಹೋಗಿಬರುವ ಚಿಕ್ಕ ಪಯಣ. ಈ ಕೊನೆಯ ಪದ ಕನ್ನಡಕ್ಕೆ ಬಂದು ಬೇರೊಂದು ಬಾಳನ್ನೇ ಕಟ್ಟಿಕೊಂಡಿದೆ: ಲಾರಿಯವನು ದಿನಕ್ಕೆ ಎರಡು ‘ಟ್ರಿಪ್ಪು’ ಹೊಡೆಯುತ್ತಾನೆ, ಬಸ್ಸಿನ ಕೊನೆಯ ‘ಟ್ರಿಪ್ಪು’ ರಾತ್ರಿ ಬರುತ್ತದೆ. ‘ಅಪ್ ಅಂಡ್ ಡೌನ್’ ಎಂದರೆ ನಮ್ಮಲ್ಲಿ ದಿನವೂ ಹೋಗಿಬರುವುದು. ವಿದ್ಯಾರ್ಥಿ ಈ ಬಳಕೆಗಳನ್ನು ಮೊದಲೇ ಬಲ್ಲನಾದುದರಿಂದ ಶಿಕ್ಷಕರು ಅವುಗಳನ್ನು ತಪ್ಪೆಂದು ತಳ್ಳಿಹಾಕುವುದಕ್ಕಿಂತ, ಎರಡು ಬಳಕೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸುವುದು ಫಲಕಾರಿ. ಕ್ರಿಯಾಪದಗಳಲ್ಲಿಯೂ ಇಂಥ ಎಚ್ಚರ ಬೇಕು. ಕನ್ನಡದಲ್ಲಿ ಬಸ್ಸನ್ನೂ ಕಾರನ್ನೂ ‘ಹತ್ತು’ತ್ತೇವೆ, ತಮಿಳು, ಮಲಯಾಳ, ತೆಲುಗುಗಳಲ್ಲಿಯೂ ಎರಡಕ್ಕೂ ಒಂದೊಂದೇ ಕ್ರಿಯಾಪದ ಸಾಕು. ಇಂಗ್ಲಿಷಿನಲ್ಲಿ ಬಸ್ಸು, ರೈಲುಗಳಿಗೆ ಗೆಟ್ ಆನ್, ಕಾರು, ಆಟೋಗಳಿಗೆ ಗೆಟ್ ಇನ್. ನೆರೆಭಾಷೆಗಳು ನೆರವಿಗೆ ಬಾರದ ಇಂಥ ಕಡೆ ವಾಕ್ಯವನ್ನೇ ಕಲಿಸಬೇಕಾಗುತ್ತದೆ.

ಪಯಣದಿಂದ ಭೂದೃಶ್ಯಕ್ಕೆ ಬಂದರೆ ಪ್ರಶ್ನೆ ಇನ್ನಷ್ಟು ಆಳವಾಗುತ್ತದೆ. ‘ಬಯಲು’ ಎಂಬ ಪದ ರಾಯದುರ್ಗ, ಮಡಕಶಿರಾ ಕಡೆಯ ಕನ್ನಡಿಗರಿಗೆ ಮರಗಳಿಲ್ಲದ ಒಣ ಹರಹನ್ನು ನೆನಪಿಸಿದರೆ, ಕಾಸರಗೋಡಿನವರಿಗೆ ಗುಡ್ಡೆಗಳ ನಡುವೆ ನೀರು ನಿಲ್ಲುವ ಗದ್ದೆಯ ಸಾಲನ್ನು ನೆನಪಿಸುತ್ತದೆ. ಮಲಯಾಳದ ‘ವಯಲ್’ ಕೂಡ ಗದ್ದೆಯೇ. ಒಬ್ಬರಿಗೆ ಪ್ಲೇನ್, ಇನ್ನೊಬ್ಬರಿಗೆ ಪ್ಯಾಡಿ ಫೀಲ್ಡ್. ಕಾಸರಗೋಡಿನ ‘ತೋಡು’ ಸ್ಟ್ರೀಮ್ ಎಂಬುದಕ್ಕೆ ಸರಿಹೊಂದುವ ನಾಮಪದ. ಘಟ್ಟದ ಮೇಲಿನ ಕನ್ನಡಿಗನ ಕಿವಿಗೆ ಅದು ನೆಲವನ್ನು ಅಗೆಯುವ ಕ್ರಿಯೆ. ಮುರಕಲ್ಲಿನ ಚಪ್ಪಟೆ ನೆತ್ತಿಯ ‘ಪದವು’ ಎಂಬುದಕ್ಕೆ ಪ್ಲಾಟೋ ಎಂಬ ಇಂಗ್ಲಿಷ್ ಪದ ಸಲೀಸಾಗಿ ಒಪ್ಪುತ್ತದೆ. ಪಠ್ಯದ ಪಟ್ಟಿಯಲ್ಲಿ ‘ಪದವು’ ಇಲ್ಲದೆ ಪ್ಲಾಟೋ ಎಂದರೆ ‘ಪ್ರಸ್ಥಭೂಮಿ’ ಎಂದಷ್ಟೇ ಇದ್ದರೆ, ಮಗು ತಾನು ನಿತ್ಯ ತುಳಿಯುವ ನೆಲವನ್ನು ದೂರದ ದಖನ್ನಿನಲ್ಲಿ ಹುಡುಕಬೇಕಾಗುತ್ತದೆ.

ಇದಕ್ಕೆ ವ್ಯತಿರಿಕ್ತವಾಗಿ, ಇಂಗ್ಲಿಷಿನ ಹಳ್ಳಿಗಾಡೇ ಎದ್ದುಬಂದು ಕನ್ನಡದ ನಂಟಿನ ನೆಲದ ಮೇಲೆ ನೆಲೆಸಿದ ಉದಾಹರಣೆ ನೀಲಗಿರಿ. ಮೆಟ್ಟುಪಾಳಯದಿಂದ ಹೊರಟ ಬೆಟ್ಟದ ರೈಲು 1899ರಲ್ಲಿ ಕೂನೂರನ್ನೂ 1908ರಲ್ಲಿ ಉದಕಮಂಡಲವನ್ನೂ ಮುಟ್ಟಿತು; 2005ರಲ್ಲಿ ಅದು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಸುಮಾರು 46 ಕಿಲೋಮೀಟರಿನ ಈ ಹಾದಿಯ ನಿಲ್ದಾಣಗಳ ಹೆಸರುಗಳೇ ಒಂದು ಪದಪಾಠ. ಹಿಲ್‌ಗ್ರೋವ್ ಎಂಬುದರಲ್ಲಿ ಗುಡ್ಡವೂ ತೋಪೂ ಇವೆ. ಲವ್‌ಡೇಲ್‌ನ ಡೇಲ್ ಎಂದರೆ ಕಣಿವೆ. ಫರ್ನ್‌ಹಿಲ್‌ನಲ್ಲಿ ಜರೀಗಿಡದ ಗುಡ್ಡವಿದೆ. ರನ್ನಿಮೀಡ್ ಎಂಬುದು 1215ರಲ್ಲಿ ಮ್ಯಾಗ್ನಾ ಕಾರ್ಟಾಕ್ಕೆ ಮುದ್ರೆ ಬಿದ್ದ, ಥೇಮ್ಸ್ ದಂಡೆಯ ಹುಲ್ಲುಗಾವಲಿನ ಹೆಸರು. ಅದರ ಕೊನೆಯ ಭಾಗ ಮೆಡೊ ಪದದ ಹಳೆಯ ರೂಪ. ಇವುಗಳ ನಡುವೆ ಕೇತ್ತಿ, ಅರವಂಕಾಡು, ಕೂನೂರುಗಳು ತಮ್ಮ ಹೆಸರಿನಲ್ಲಿಯೇ ಉಳಿದಿವೆ. ನೀಲಗಿರಿಯ ಅತ್ಯುನ್ನತ ಶಿಖರ, 2,637 ಮೀಟರಿನ ದೊಡ್ಡಬೆಟ್ಟ, ಕನ್ನಡಕ್ಕೆ ಅತಿ ಸಮೀಪದ ಬಡಗ ನುಡಿಯಲ್ಲಿಯೂ ಕನ್ನಡದಲ್ಲಿಯೂ ಹೆಸರಿನಿಂದಲೇ ಅರ್ಥವಾಗುತ್ತದೆ. ಅದನ್ನು ‘ದೊಡ್ಡಬೆಟ್ಟ ಪೀಕ್’ ಎಂದು ಕರೆಯುವಾಗ ಇಂಗ್ಲಿಷ್ ತನಗರಿವಿಲ್ಲದೆಯೇ ದ್ವಿರುಕ್ತಿ ಮಾಡುತ್ತದೆ. ಮಸಿನಗುಡಿಯಿಂದ ಊಟಿಗೆ ಏರುವ ಕಲ್ಹಟ್ಟಿ ಘಾಟಿಯ 36 ತಿರುವುಗಳಿಗೆ ಹೇರ್‌ಪಿನ್ ಬೆಂಡ್ ಎಂಬ ಹೆಸರಿದೆ. ಕಲ್ಹಟ್ಟಿಯ ‘ಹಟ್ಟಿ’ಯಾದರೋ ಬಡಗರ ಊರಿನ ಹೆಸರುಗಳಲ್ಲಿ ಮತ್ತೆಮತ್ತೆ ಬರುವ ಪದ, ಹ್ಯಾಮ್‌ಲೆಟ್ ಎಂಬುದಕ್ಕೆ ನಿಕಟವಾದುದು. ಹೀಗೆ ಬೋಧಿಸಿದಾಗ ಇಂಗ್ಲಿಷ್ ಪದವೂ ಮನೆಯ ಪದವೂ ಒಂದೇ ದಾರಿಯ ಎರಡು ಕಲ್ಲುಗಳಂತೆ ನೆನಪಿನಲ್ಲಿ ಉಳಿಯುತ್ತವೆ.

ನೀಲಗಿರಿ ಇನ್ನೊಂದು ವಿಷಯವನ್ನೂ ಮನಗಾಣಿಸುತ್ತದೆ. ಪಠ್ಯಪುಸ್ತಕದ ಪ್ರಯಾಣಪಾಠವು ಹೊರಟವನ ಕಡೆಯಿಂದ ಬರೆದದ್ದು: ನಾವು ಬೆಟ್ಟಕ್ಕೆ ಹೋದೆವು, ಬುತ್ತಿ ಬಿಚ್ಚಿದೆವು, ಸಂಜೆ ಮರಳಿದೆವು. ಊಟಿಯ ಮಗುವಿಗೆ ಆ ಬೆಟ್ಟ ಮನೆಯ ಹಿತ್ತಿಲು. ಅದು ಕೇಳಿ ಬೆಳೆದ ಇಂಗ್ಲಿಷ್ ಬರಮಾಡಿಕೊಳ್ಳುವವನ ಇಂಗ್ಲಿಷ್: ಸೀಸನ್, ವ್ಯೂ ಪಾಯಿಂಟ್, ಸೈಟ್‌ಸೀಯಿಂಗ್, ರೂಮು. ಕಂಟ್ರಿಸೈಡ್ ಎಂಬ ಪದಕ್ಕೆ ಕನ್ನಡದ ನೇರ ಸಾಟಿ ಸಿಗದಿರುವುದಕ್ಕೂ ಇದೇ ಕಾರಣವಿದ್ದೀತು. ಅದು ಪಟ್ಟಣದಲ್ಲಿ ನಿಂತವನು ಹೊರಗೆ ನೋಡಿ ಹೇಳುವ ಮಾತು. ಕನ್ನಡದ ‘ನಾಡು’ ಕಾಡಿಗೆ ಎದುರಾಗಿ ನಿಲ್ಲುವ ಪದ. ಅಲ್ಲಿ ಬಾಳುವವನಿಗೆ ಅದು ಬರಿಯ ‘ಊರು’.

ಪಿಕ್ನಿಕ್ ಎಂಬುದಕ್ಕೆ ನಿಘಂಟುಗಳು ‘ವನಭೋಜನ’ ಎಂಬ ಪದವನ್ನು ಕೊಡುತ್ತವೆ. ತೆಲುಗು ನಾಡಿನಲ್ಲಿಯೂ ಅದರ ನೆರೆಯ ಕನ್ನಡಿಗರಲ್ಲಿಯೂ ವನಭೋಜನವೆಂದರೆ ಕಾರ್ತಿಕ ಮಾಸದಲ್ಲಿ ನೆಲ್ಲಿಯ ಮರದಡಿ ಪೂಜೆ ಸಲ್ಲಿಸಿ ಉಣ್ಣುವ ಊಟ. ಅಕ್ಕಲಕೋಟೆ, ಜತ್ತ ಭಾಗದ ರೈತ ಮನೆಗಳಲ್ಲಿ ಹೊಲದ ಊಟವೆಂದರೆ ಎಳ್ಳಮಾವಾಸ್ಯೆ. ಬಂಡಿ ಹೂಡಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಯನ್ನು ಪೂಜಿಸಿ, ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಕಡುಬು, ಭಜ್ಜಿ ಉಣ್ಣುವ ದಿನವದು. ಸೊಲ್ಲಾಪುರ, ಲಾತೂರು ಕಡೆಯ ಮರಾಠಿಗರಲ್ಲಿ ಇದೇ ಹಬ್ಬಕ್ಕೆ ‘ವೇಳ ಅಮಾವಾಸ್ಯಾ’ ಎಂಬ ಹೆಸರಿದ್ದು, ಕನ್ನಡದ ‘ಎಳ್ಳ’ ಎಂಬುದರಿಂದ ಅದು ಬಂದಿತೆಂದು ಸಾಮಾನ್ಯವಾಗಿ ವಿವರಿಸುತ್ತಾರೆ. ‘ಎ ಪಿಕ್ನಿಕ್’ ಎಂಬ ಪ್ರಬಂಧ ಬರೆಯಲು ಹೇಳಿದಾಗ ಈ ಮಗು ತಾನು ಕಾಣದ ಉದ್ಯಾನ, ತಿನ್ನದ ಸ್ಯಾಂಡ್‌ವಿಚ್ಚುಗಳನ್ನು ಬಾಯಿಪಾಠದಿಂದ ಬರೆಯುತ್ತದೆ. ಕಾರ್ಟ್, ಫೀಲ್ಡ್, ಹಾರ್ವೆಸ್ಟ್, ಸ್ಕ್ಯಾಟರ್, ಶೇರ್ ಎಂಬ ಪದಗಳನ್ನು ಕೊಟ್ಟು ಎಳ್ಳಮಾವಾಸ್ಯೆಯನ್ನೇ ಬರೆಯಲು ಹೇಳಿದರೆ ಅದೇ ಮಗು ಪದಗಳನ್ನು ಹುಡುಕಿಕೊಂಡು ಶಿಕ್ಷಕರ ಬಳಿಗೆ ಬರುತ್ತದೆ. ‘ಚರಗ’ಕ್ಕೆ ಇಂಗ್ಲಿಷ್ ಪದವಿಲ್ಲ, ಅದನ್ನು ಹಾಗೆಯೇ ಇಟ್ಟು ಒಂದು ವಾಕ್ಯದಲ್ಲಿ ವಿವರಿಸುವುದೂ ಭಾಷಾಕಲಿಕೆಯ ಮುಖ್ಯ ಅಂಗವೇ.

ಗಡಿನಾಡಿನ ಶಾಲೆಗೆ ಬೇಕಾದುದು ಮೂರು ಅಂಕಣಗಳ ಪದಪಟ್ಟಿ: ಮೊದಲು ಮನೆಯ ಮಾತು, ಅನಂತರ ರಾಜ್ಯಭಾಷೆಯ ರೂಪವೂ ಅದರ ಅರ್ಥಭೇದವೂ, ಕೊನೆಗೆ ಇಂಗ್ಲಿಷ್ ಪದವನ್ನು ಬಳಸಿದ ಒಂದು ಪೂರ್ಣ ವಾಕ್ಯ. ಇಂಥ ಪಟ್ಟಿಯನ್ನು ರಾಜಧಾನಿಯೊಂದರಲ್ಲಿ ಕುಳಿತು ಎಲ್ಲರಿಗೂ ಒಂದೇ ಬಗೆಯಲ್ಲಿ ಸಿದ್ಧಪಡಿಸಲಾಗದು. ತಾಳವಾಡಿಗೆ ಒಂದು, ಆದೋನಿಗೆ ಒಂದು, ಮಂಜೇಶ್ವರಕ್ಕೆ ಒಂದು ಎಂಬಂತೆ ಅದು ಆಯಾ ನೆಲದಲ್ಲಿಯೇ ಹುಟ್ಟಬೇಕು. ‘ತೋಡು’, ‘ಪದವು’, ‘ಹಟ್ಟಿ’, ‘ಚರಗ’ಗಳು ಪಠ್ಯದ ಕನ್ನಡದಲ್ಲಿಯೂ ಇಲ್ಲ, ರಾಜ್ಯಭಾಷೆಯ ಪಾಠದಲ್ಲಿಯೂ ಇಲ್ಲ. ಇಂಗ್ಲಿಷ್ ತರಗತಿಯಲ್ಲಿಯೂ ಅವು ಬರಹಕ್ಕೆ ಬಾರದೆ ಹೋದರೆ, ಮುಂದಿನ ತಲೆಮಾರು ತನ್ನ ಊರನ್ನು ಮೂರು ಭಾಷೆಗಳಲ್ಲಿಯೂ ಹೊರಗಿನವನಂತೆಯೇ ವರ್ಣಿಸಬೇಕಾದೀತು.