ಬಾಗಿಲು ತಟ್ಟುವವರು

ಅಮೆರಿಕ ಸಂಯುಕ್ತ ಸಂಸ್ಥಾನದ ಅಧ್ಯಕ್ಷ ಚುನಾವಣೆಯೆಂದರೆ ನವೆಂಬರ್ ತಿಂಗಳಿನ ಒಂದು ಮಂಗಳವಾರ ಎರಡು ಪಕ್ಷಗಳ ಇಬ್ಬರು ಧುರೀಣರ ನಡುವೆ ನಡೆಯುವ ಸ್ಪರ್ಧೆಯೆಂದೇ ನಮ್ಮಲ್ಲಿ ಬಹುಮಂದಿ ಭಾವಿಸಿರುತ್ತಾರೆ. ಆದರೆ ಆ ಇಬ್ಬರೂ ತಂತಮ್ಮ ಪಕ್ಷದ ಅಭ್ಯರ್ಥಿಗಳಾಗುವುದಕ್ಕೆ ಮುನ್ನ, ಅದೇ ವರ್ಷದ ಚಳಿಗಾಲದಿಂದ ಬೇಸಗೆಯ ಮೊದಲ ದಿನಗಳವರೆಗೆ, ರಾಜ್ಯದಿಂದ ರಾಜ್ಯಕ್ಕೆ ಸಾಗುವ ಬೇರೊಂದು ಚುನಾವಣಾ ಪರಂಪರೆ ನಡೆದುಹೋಗಿರುತ್ತದೆ. ನಮ್ಮ ದೇಶದಲ್ಲಿ ಪಕ್ಷದ ಟಿಕೆಟ್ಟು ಯಾರಿಗೆ ಸಲ್ಲಬೇಕೆಂಬುದನ್ನು ಹೈಕಮಾಂಡು ನಿರ್ಣಯಿಸುತ್ತದೆ. ಆ ನಿರ್ಣಯವಾದ ಮೇಲಷ್ಟೇ ಮತದಾರನ ಸರದಿ. ಅಲ್ಲಿಯಾದರೋ ಆ ಅಧಿಕಾರ ಬಹುಮಟ್ಟಿಗೆ ಪಕ್ಷದ ಸಾಮಾನ್ಯ ಮತದಾರನ ಕೈಯಲ್ಲಿದೆ. ಹೆಚ್ಚಿನ ರಾಜ್ಯಗಳಲ್ಲಿ ಆತ ಮತಗಟ್ಟೆಗೆ ಹೋಗಿ ಗುಪ್ತವಾಗಿ ಮತ ನೀಡುತ್ತಾನೆ. ಇದಕ್ಕೆ ಪ್ರೈಮರಿಯೆಂದು ಹೆಸರು. ಕೆಲವು ರಾಜ್ಯಗಳಲ್ಲಿ ನೆರೆಹೊರೆಯವರು ಒಂದು ಸಂಜೆ ಶಾಲೆಯ ಸಭಾಂಗಣದಲ್ಲೋ ಚರ್ಚಿನ ನೆಲಮಾಳಿಗೆಯಲ್ಲೋ ಕಲೆತು ತಮ್ಮ ಒಲವನ್ನು ಸೂಚಿಸುತ್ತಾರೆ, ಅದು ಕಾಕಸ್. ಮತದಾರರನ್ನು ಆ ಮತಗಟ್ಟೆಗೆ, ಆ ಸಭಾಂಗಣಕ್ಕೆ ಬರುವಂತೆ ಮಾಡುವ ವಿದ್ಯೆಯೇ ಈ ಅಧ್ಯಾಯದ ವಸ್ತು: ಮನೆಮನೆಯ ಬಾಗಿಲಿಗೆ ಹೋಗಿ, ಒಬ್ಬೊಬ್ಬರನ್ನೇ ಮಾತನಾಡಿಸಿ, ಜನರ ಮೂಲಕವೇ ಜನರನ್ನು ಕೂಡಿಸುವ ತಳಮಟ್ಟದ ಸಂಘಟನೆ.

ನವೆಂಬರಿನ ಚುನಾವಣೆಗಿಂತ ಪ್ರೈಮರಿಯಲ್ಲಿ ಈ ವಿದ್ಯೆಗೆ ಬಲ ಹೆಚ್ಚು. ನವೆಂಬರಿನಲ್ಲಿ ಪಕ್ಷದ ಹೆಸರೇ ಮುಕ್ಕಾಲು ಮಂದಿ ಮತದಾರರ ಮನಸ್ಸನ್ನು ಮೊದಲೇ ಕಟ್ಟಿಹಾಕಿರುತ್ತದೆ; ಪ್ರೈಮರಿಯಲ್ಲಿ ಸ್ಪರ್ಧಿಗಳೆಲ್ಲರೂ ಒಂದೇ ಪಕ್ಷದವರು, ಅವರ ಧೋರಣೆಗಳಲ್ಲಿಯೂ ಅಗಾಧವಾದ ಅಂತರವಿರುವುದಿಲ್ಲ, ಮತ ನೀಡಲು ಬರುವವರ ಸಂಖ್ಯೆಯೂ ಸ್ವಲ್ಪ. ಇಂಥ ಸಂದರ್ಭದಲ್ಲಿ, ಮತದಾರ ನಂಬುವ ಒಬ್ಬ ನೆರೆಯವನು ಮನೆಯ ಮುಂದೆ ನಿಂತು ‘ನಾನು ಈತನ ಪರವಾಗಿದ್ದೇನೆ, ಇಂತಹ ಕಾರಣಕ್ಕಾಗಿ’ ಎಂದು ಹೇಳುವ ಮಾತು ಎಷ್ಟೋ ಜಾಹೀರಾತುಗಳಿಗಿಂತ ಆಳಕ್ಕೆ ಇಳಿಯುತ್ತದೆ.

ಇದರ ಸಾಮರ್ಥ್ಯವನ್ನು ಲೋಕಕ್ಕೆಲ್ಲ ತೋರಿಸಿದುದು 1968ರ ನ್ಯೂ ಹ್ಯಾಂಪ್‌ಷೈರ್. ಡೆಮಾಕ್ರಟಿಕ್ ಪಕ್ಷದ ಲಿಂಡನ್ ಜಾನ್ಸನ್ ಆಗ ಅಧಿಕಾರಾರೂಢನಾದ ಅಧ್ಯಕ್ಷ. ವಿಯೆಟ್ನಾಮಿನ ಯುದ್ಧ ದಿನದಿನಕ್ಕೆ ವಿಷಮಿಸುತ್ತಿದ್ದಿತು. ತಮ್ಮ ಪಕ್ಷದ ಅಧ್ಯಕ್ಷನನ್ನೇ ಎದುರಿಸಬಲ್ಲ ಧೀರನೊಬ್ಬನನ್ನು ಅರಸುತ್ತ ಅಲರ್ಡ್ ಲೋವೆನ್‌ಸ್ಟೈನ್ ಎಂಬ ಯುದ್ಧವಿರೋಧಿ ಕಾರ್ಯಕರ್ತ ದೇಶವನ್ನೆಲ್ಲ ಸುತ್ತಿದನು, ದೊಡ್ಡವರು ಒಪ್ಪಲಿಲ್ಲ, ಕೊನೆಗೆ ಒಪ್ಪಿದವನು ಮಿನೆಸೋಟದ ಸೆನೆಟರ್ ಯೂಜೀನ್ ಮೆಕಾರ್ಥಿ, ಕವಿತೆ ಬರೆಯುತ್ತಿದ್ದ, ಮೆಲುದನಿಯ ಮನುಷ್ಯ. ಆತನ ಹಿಂದೆ ಪಕ್ಷದ ಯಂತ್ರವಿರಲಿಲ್ಲ, ಇದ್ದವರು ವಿದ್ಯಾರ್ಥಿಗಳು. ಪೂರ್ವ ಕರಾವಳಿಯ ಕಾಲೇಜುಗಳಿಂದ ಬಸ್ಸುಗಳಲ್ಲಿಯೂ ಹಳೆಯ ಕಾರುಗಳಲ್ಲಿಯೂ ಹೊರಟು, ನ್ಯೂ ಹ್ಯಾಂಪ್‌ಷೈರಿನ ಗಿರಣಿಯ ಊರುಗಳಿಗೆ ಬಂದು, ಚರ್ಚುಗಳ ನೆಲದ ಮೇಲೆ ಮಲಗಿ, ಹಿಮದಲ್ಲಿ ಬೀದಿಬೀದಿ ನಡೆದವರು ಅವರು. ಆ ಕಾಲದ ತರುಣರ ಉದ್ದಗೂದಲೂ ಗಡ್ಡವೂ ಆ ಊರಿನ ಹಿರಿಯರಿಗೆ ರುಚಿಸವೆಂಬುದನ್ನು ಬಲ್ಲ ಸಂಘಟಕರು, ಮನೆಗಳಿಗೆ ಹೋಗುವ ಹುಡುಗರು ಕ್ಷೌರ ಮಾಡಿಸಿಕೊಳ್ಳಬೇಕು, ಹುಡುಗಿಯರು ಸಂಭಾವಿತ ಉಡುಪಿನಲ್ಲಿರಬೇಕು ಎಂದು ವಿಧಿಸಿದರು. ಗಡ್ಡ ತೆಗೆಸಲೊಪ್ಪದವರಿಗೆ ಕಚೇರಿಯ ಹಿಂದಿನ ಕೋಣೆಯಲ್ಲಿ ಲಕೋಟೆ ಅಂಟಿಸುವ ಕೆಲಸ. ಇದನ್ನು ವೇಷವೆಂದು ಅಲ್ಲಗಳೆಯುವುದು ನ್ಯಾಯವಲ್ಲ. ಪರರ ಮನೆಯ ಬಾಗಿಲಲ್ಲಿ ನಿಲ್ಲುವವನು ಆ ಮನೆಯವರ ಮರ್ಯಾದೆಗೆ ತಾನೇ ಮೊದಲು ತಲೆಬಾಗಬೇಕೆಂಬ ವಿವೇಕ ಅದರಲ್ಲಿದ್ದಿತು. ವಾದ ಹೂಡಬೇಡಿ, ಅವರು ಹೇಳುವುದನ್ನು ಕೇಳಿಸಿಕೊಳ್ಳಿ ಎಂಬುದೇ ಅವರಿಗಿದ್ದ ಮುಖ್ಯ ಸೂಚನೆ.

ಎದುರು ಪಾಳೆಯದ ರೀತಿ ಬೇರೆಯಾಗಿದ್ದಿತು. ಜಾನ್ಸನ್ನನ ಹೆಸರು ಮತಪತ್ರದಲ್ಲಿ ಅಚ್ಚಾಗಿರಲಿಲ್ಲವಾದುದರಿಂದ ಅವನ ಬೆಂಬಲಿಗರು ಆ ಹೆಸರನ್ನು ತಮ್ಮ ಕೈಯಾರೆ ಬರೆಯಬೇಕಾಗಿದ್ದಿತು. ಅದಕ್ಕಾಗಿ ರಾಜ್ಯದ ಪಕ್ಷನಾಯಕರು ಕ್ರಮಸಂಖ್ಯೆಯಿದ್ದ ಪ್ರತಿಜ್ಞಾಪತ್ರಗಳನ್ನು ಅಚ್ಚು ಹಾಕಿಸಿ, ಅಧ್ಯಕ್ಷರಿಗೇ ಮತ ನೀಡುತ್ತೇವೆಂದು ಮತದಾರರಿಂದ ರುಜು ಪಡೆಯಲು ಹೊರಟರು. ಸ್ವಾಭಿಮಾನಿಗಳಾದ ಆ ಜನಕ್ಕೆ ಇದು ಗುಪ್ತಮತದ ಹಕ್ಕಿನ ಮೇಲೆಯೇ ಕೈಯಿಟ್ಟಂತೆ ತೋರಿತು. ಒಂದು ಕಡೆಯವರು ರುಜು ಕೇಳಲು ಬಂದರು, ಇನ್ನೊಂದು ಕಡೆಯವರು ಅಭಿಪ್ರಾಯ ಕೇಳಲು ಬಂದರು. ನನ್ನ ಎಣಿಕೆಯಲ್ಲಿ ಆ ಚುನಾವಣೆಯ ತಿರುಳು ಈ ವ್ಯತ್ಯಾಸದಲ್ಲಿದೆ. ಮಾರ್ಚ್ 12ರಂದು ಎಣಿಕೆಯಾದಾಗ ಜಾನ್ಸನ್ನನಿಗೆ ಶೇಕಡ 49ಕ್ಕೆ ತುಸು ಮೇಲೆ, ಮೆಕಾರ್ಥಿಗೆ ಹತ್ತಿರ ಹತ್ತಿರ 42 ಬಿದ್ದವು. ಲೆಕ್ಕದಲ್ಲಿ ಗೆದ್ದವನು ಅಧ್ಯಕ್ಷನೇ. ಆದರೂ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮಹಾಧಿವೇಶನಕ್ಕೆ ಹೋಗುವ 24 ಪ್ರತಿನಿಧಿಗಳಲ್ಲಿ 20 ಮಂದಿ ಮೆಕಾರ್ಥಿಯ ಪಾಲಾದರು. ನಾಲ್ಕು ದಿನಗಳಲ್ಲಿ ಅದೇ ಪಕ್ಷದ ಸೆನೆಟರ್ ರಾಬರ್ಟ್ ಕೆನೆಡಿಯೂ ಕಣಕ್ಕಿಳಿದನು. ಆ ತಿಂಗಳ 31ರಂದು ಜಾನ್ಸನ್ ತಾನು ಮತ್ತೆ ಸ್ಪರ್ಧಿಸುವುದಿಲ್ಲವೆಂದು ರಾಷ್ಟ್ರಕ್ಕೆ ಸಾರಿದನು. ಮೆಕಾರ್ಥಿಗೆ ಮತವಿತ್ತವರಲ್ಲಿ ಅನೇಕರು ಯುದ್ಧ ಇನ್ನೂ ಉಗ್ರವಾಗಿ ನಡೆಯಬೇಕೆಂದು ಬಯಸುವವರಾಗಿದ್ದರೆಂದು ಅನಂತರದ ಅಧ್ಯಯನಗಳು ತಿಳಿಸಿದುವು. ಇದರಿಂದ ಆ ವಿದ್ಯಾರ್ಥಿಗಳ ಶ್ರಮ ಕುಂದುವುದಿಲ್ಲ. ಮಾತಿಗಿಂತ ಮೊದಲು ಕಿವಿಗೊಟ್ಟುದರಿಂದಲೇ ಅವರು ಅಂಥವರ ಅಸಮಾಧಾನಕ್ಕೂ ನೆಲೆಯಾದರು.

ಆದರೆ ಆ ವರ್ಷದ ಕಥೆ ಇಷ್ಟು ಶುಭವಾಗಿ ಮುಗಿಯಲಿಲ್ಲ. ಆಗ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ರಾಜ್ಯಗಳಲ್ಲಿ ಮಾತ್ರ ಪ್ರೈಮರಿಗಳಿದ್ದುವು. ಉಳಿದೆಡೆ ಪ್ರತಿನಿಧಿಗಳು ಪಕ್ಷದ ಯಜಮಾನರ ವಶ. ಜೂನಿನಲ್ಲಿ ಕೆನೆಡಿ ಹಂತಕನ ಗುಂಡಿಗೆ ಬಲಿಯಾದನು. ಆಗಸ್ಟಿನಲ್ಲಿ ಷಿಕಾಗೋ ನಗರದ ಅಧಿವೇಶನ, ಹೊರಗೆ ಪೊಲೀಸರು ತರುಣರನ್ನು ಬಡಿಯುತ್ತಿರುವಾಗ, ಒಂದು ಪ್ರೈಮರಿಯಲ್ಲಿಯೂ ಸ್ಪರ್ಧಿಸದಿದ್ದ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿಯನ್ನು ಅಭ್ಯರ್ಥಿಯಾಗಿ ಆರಿಸಿತು. ಈ ಅನ್ಯಾಯದ ಉರಿಯಿಂದಲೇ ಮ್ಯಾಕ್‌ಗವರ್ನ್–ಫ್ರೇಸರ್ ಆಯೋಗ ಹುಟ್ಟಿತು. ಅದು ವಿಧಿಸಿದ ನಿಯಮಗಳಿಂದ ಪ್ರತಿನಿಧಿಗಳ ಆಯ್ಕೆ ಮತದಾರರ ಕೈಗೆ ಬಂದಿತು, ಪ್ರೈಮರಿಗಳು ದೇಶವನ್ನೆಲ್ಲ ವ್ಯಾಪಿಸಿದುವು. ಹೊಸ ನಿಯಮಗಳ ಅನಿರೀಕ್ಷಿತ ಫಲವಾಗಿ ಜೋಳದ ಹೊಲಗಳ ರಾಜ್ಯವಾದ ಅಯೋವಾದ ಕಾಕಸ್ 1972ರಲ್ಲಿ ಎಲ್ಲಕ್ಕೂ ಮೊದಲು ನಡೆಯಿತು. ನಾಲ್ಕು ವರ್ಷಗಳ ಮೇಲೆ ಜಾರ್ಜಿಯದ ಜಿಮ್ಮಿ ಕಾರ್ಟರ್ ಅಲ್ಲಿಯ ಮನೆಗಳಲ್ಲಿ ಕುಳಿತು ಜನರನ್ನು ಗೆದ್ದು, ಹೆಸರಿಲ್ಲದವನೊಬ್ಬ ಅಧ್ಯಕ್ಷನಾಗಬಹುದೆಂಬುದನ್ನು ತೋರಿಸಿದನು.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಬೇಕು. ಉತ್ಸಾಹಿಗಳ ಗುಂಪು ಸೇರಿದ ಮಾತ್ರಕ್ಕೆ ಸಂಘಟನೆಯಾಗುವುದಿಲ್ಲ. 2004ರಲ್ಲಿ ಹವರ್ಡ್ ಡೀನ್ ಎಂಬ ಅಭ್ಯರ್ಥಿಗಾಗಿ ಸುಮಾರು 3,500 ಸ್ವಯಂಸೇವಕರು ನಾನಾ ರಾಜ್ಯಗಳಿಂದ ಅಯೋವಾಗೆ ಬಂದಿಳಿದರು. ಎಲ್ಲರ ತಲೆಯ ಮೇಲೂ ಕಿತ್ತಳೆ ಬಣ್ಣದ ಟೋಪಿ. ಅವರ ನಿಷ್ಠೆ ನಿಷ್ಕಲ್ಮಷವಾದುದು. ಆದರೆ ಆ ಟೋಪಿಯೇ ಅವರು ಪರಸ್ಥಳದವರೆಂದು ದೂರದಿಂದಲೇ ಸಾರುತ್ತಿದ್ದಿತು. ಡೀನ್ ಶೇಕಡ 18ರಷ್ಟನ್ನು ಪಡೆದು ಮೂರನೆಯವನಾದನು. ಮುಖಾಮುಖಿ ಮಾತಿನ ಬಲವಂತೂ ಅದಕ್ಕೆ ಮುಂಚೆಯೇ ಪ್ರಮಾಣಿತವಾಗಿದ್ದಿತು: ಯೇಲ್ ವಿಶ್ವವಿದ್ಯಾಲಯದ ಆಲನ್ ಗರ್ಬರ್, ಡೊನಾಲ್ಡ್ ಗ್ರೀನ್ ಎಂಬ ವಿದ್ವಾಂಸರು 1998ರಲ್ಲಿ ನ್ಯೂ ಹೇವನ್ ನಗರದ ಸುಮಾರು 30,000 ಮತದಾರರ ನಡುವೆ ನಡೆಸಿದ ಪ್ರಯೋಗದಲ್ಲಿ, ಎದುರುಬದುರು ನಿಂತು ಕೇಳಿಕೊಂಡಾಗ ಮತದಾನ ಗಣನೀಯವಾಗಿ ಏರಿತು, ಅಂಚೆಯ ಪತ್ರಗಳಿಂದ ಅತ್ಯಲ್ಪವಾಗಿ ಏರಿತು, ಬಾಡಿಗೆಯ ದೂರವಾಣಿ ಕರೆಗಳಿಂದ ಏರಲೇ ಇಲ್ಲ. ಆದರೆ ಎದುರಿಗೆ ಬಂದು ನಿಲ್ಲುವವರು ಯಾರೆಂಬುದೂ ಮುಖ್ಯ. ಡೀನ್‌ನ ಪಾಳೆಯ ಉತ್ತರಿಸದೆ ಬಿಟ್ಟ ಈ ಪ್ರಶ್ನೆಗೆ ಉತ್ತರ ಕಂಡುಕೊಂಡವರು 2008ರಲ್ಲಿ ಬರಾಕ್ ಒಬಾಮಾನ ಸಂಘಟಕರು.

ಆ ಉತ್ತರದ ವಂಶಾವಳಿ ನಮಗೆ ವಿಶೇಷವಾಗಿ ಹತ್ತಿರದ್ದು. ಕ್ಯಾಲಿಫೋರ್ನಿಯದಲ್ಲಿ ಫ್ರೆಡ್ ರಾಸ್ ಎಂಬಾತ ಬಡವರ ಮನೆಯಲ್ಲಿಯೇ ಹತ್ತಾರು ಮಂದಿಯನ್ನು ಸೇರಿಸಿ, ಅವರವರ ಬವಣೆಯನ್ನು ಅವರವರ ಬಾಯಿಂದಲೇ ಹೊರಡಿಸುವ ಗೃಹಸಭೆಯ ಪದ್ಧತಿಯನ್ನು ಬೆಳೆಸಿದನು. 1952ರಲ್ಲಿ ಅದನ್ನು ಅವನಿಂದ ಕಲಿತವನು ಸೀಸರ್ ಷಾವೆಜ್, ಮುಂದೆ ಹೊಲಗೂಲಿಗಳ ಮಹಾನಾಯಕನಾದವನು. ಷಾವೆಜ್ ಗಾಂಧೀಜಿಯನ್ನು ಗುರುವಾಗಿ ಭಾವಿಸಿದವನು. 1968ರಲ್ಲಿ, ನ್ಯೂ ಹ್ಯಾಂಪ್‌ಷೈರಿನಲ್ಲಿ ವಿದ್ಯಾರ್ಥಿಗಳು ಹಿಮ ತುಳಿಯುತ್ತಿದ್ದ ಅದೇ ದಿನಗಳಲ್ಲಿ, ತನ್ನ ಚಳವಳಿ ಅಹಿಂಸೆಯಿಂದ ಜಾರದಿರಲೆಂದು 25 ದಿನ ಉಪವಾಸವಿದ್ದು, ಆ ಪ್ರೈಮರಿಗೆ ಎರಡೇ ದಿನ ಮುಂಚೆ ಅದನ್ನು ಮುಗಿಸಿದನು. ಹಾರ್ವರ್ಡ್ ಬಿಟ್ಟು 1964ರಲ್ಲಿ ಮಿಸಿಸಿಪಿಯ ಕರಿಯರ ಮತಹಕ್ಕಿನ ಹೋರಾಟಕ್ಕೆ ಹೋದ ಮಾರ್ಷಲ್ ಗ್ಯಾನ್ಜ್ ಎಂಬ ತರುಣ ಮರುವರ್ಷ ಷಾವೆಜನನ್ನು ಸೇರಿ 16 ವರ್ಷ ದುಡಿದನು. ಮುಂದೆ ಹಾರ್ವರ್ಡಿಗೇ ಹಿಂತಿರುಗಿ ಅಧ್ಯಾಪಕನಾದ ಅವನೇ 2007ರಲ್ಲಿ ಒಬಾಮಾನ ಸ್ವಯಂಸೇವಕರಿಗೆ ಶಿಕ್ಷಣ ನೀಡಿದನು. ಒಬಾಮಾ ಸ್ವತಃ 1985ರಿಂದ ಮೂರು ವರ್ಷ ಷಿಕಾಗೋ ನಗರದ ದಕ್ಷಿಣ ಭಾಗದಲ್ಲಿ ಇಂಥದೇ ಸಂಘಟಕನಾಗಿದ್ದವನು. ಗ್ಯಾನ್ಜ್ ಕಲಿಸಿದುದರ ಸಾರ ಇಷ್ಟು: ಅಭ್ಯರ್ಥಿಯ ಗುಣಗಾನ ಆಮೇಲೆ, ಮೊದಲು ನೀನೇಕೆ ಇಲ್ಲಿಗೆ ಬಂದೆ ಎಂಬ ನಿನ್ನ ಕಥೆಯನ್ನು ಹೇಳು, ಎದುರಿನವರ ಕಥೆಯನ್ನು ಕೇಳು.

ಅಯೋವಾದಲ್ಲಿ ಒಬಾಮಾನ ಪರವಾಗಿ ಬಂದ ಹುಡುಗರು ಚುನಾವಣೆಯ ವಾರಕ್ಕೆ ಬಂದವರಲ್ಲ; ತಿಂಗಳುಗಟ್ಟಲೆ ಅದೇ ಸಣ್ಣ ಊರಿನಲ್ಲಿ ನೆಲೆಸಿದವರು. ತಾವೇ ಮತ ಕೇಳುವುದಲ್ಲ, ಪ್ರತಿಯೊಂದು ಕಾಕಸ್ ಕ್ಷೇತ್ರದಲ್ಲಿ ಅಲ್ಲಿಯ ನಿವಾಸಿಯೊಬ್ಬರನ್ನು ಗುರುತಿಸಿ, ಅವರನ್ನು ಮುಂದಾಳಾಗಿ ಸಿದ್ಧಗೊಳಿಸುವುದು ಅವರ ಧ್ಯೇಯ. ಅಂತಹ ಕ್ಷೇತ್ರಗಳು 1,781. ಕಾಕಸ್ಸಿನ ವಿಧಾನ ಅಂಥ ಮುಂದಾಳನ್ನು ಬೇಡುತ್ತಿದ್ದಿತು: ಡೆಮಾಕ್ರಟಿಕ್ ಪಕ್ಷದ ಸಭೆಯಲ್ಲಿ ಸಂಜೆ ಏಳಕ್ಕೆ ಜನ ತಮ್ಮ ತಮ್ಮ ಅಭ್ಯರ್ಥಿಯ ಮೂಲೆಯಲ್ಲಿ ಗುಂಪಾಗಿ ನಿಲ್ಲುತ್ತಿದ್ದರು, ಸಾಮಾನ್ಯವಾಗಿ ಶೇಕಡ 15 ಮಂದಿಯಿಲ್ಲದ ಗುಂಪು ಒಡೆದು ಬೇರೆ ಗುಂಪುಗಳಿಗೆ ಸೇರಬೇಕಾಗುತ್ತಿದ್ದಿತು, ಆಗ ಎರಡನೆಯ ಆಯ್ಕೆಯ ಸಲುವಾಗಿ ಮಾತುಕತೆ. ಅನ್ಯಸ್ಥಳದಿಂದ ಬಂದವನಿಗೆ ಆ ಮಾತುಕತೆಯಲ್ಲಿ ಯಾವ ತೂಕವಿದ್ದೀತು? ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರು, ಪಕ್ಕದ ಹೊಲದ ರೈತ ಕರೆದರೆ ಜನ ಆ ಮೂಲೆಗೆ ನಡೆದಾರು. ನವೆಂಬರಿನೊಳಗೆ 18 ತುಂಬುವ 17ರ ಮಕ್ಕಳಿಗೂ ಅಲ್ಲಿ ಭಾಗವಹಿಸುವ ಹಕ್ಕಿದ್ದುದರಿಂದ ಸಂಘಟಕರು ಪ್ರೌಢಶಾಲೆಗಳಿಗೂ ಹೋದರು. ಸ್ವತಂತ್ರರಿಗೂ ರಿಪಬ್ಲಿಕನ್ನರಿಗೂ ಆ ರಾತ್ರಿಯೇ ಹೆಸರು ನೋಂದಾಯಿಸಿಕೊಳ್ಳುವ ಅವಕಾಶವಿದ್ದುದನ್ನು ಮನೆಮನೆಗೆ ತಿಳಿಸಿದರು. 2008ರ ಜನವರಿ 3ರ ರಾತ್ರಿ ಡೆಮಾಕ್ರಟಿಕ್ ಕಾಕಸ್ಸುಗಳಿಗೆ ಬಂದವರು ಸುಮಾರು 2,39,000 ಮಂದಿ, ನಾಲ್ಕು ವರ್ಷದ ಹಿಂದಿನದಕ್ಕೆ ಹೆಚ್ಚುಕಡಮೆ ಇಮ್ಮಡಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಅದೇ ಮೊದಲ ಕಾಕಸ್. ಬಹುಪಾಲು ಬಿಳಿಯರೇ ಇರುವ ರಾಜ್ಯದಲ್ಲಿ ಒಬಾಮಾ ಸುಮಾರು ಶೇಕಡ 38ರಷ್ಟನ್ನು ಪಡೆದು ಗೆದ್ದನು. ಐದೇ ದಿನಗಳಲ್ಲಿ ನ್ಯೂ ಹ್ಯಾಂಪ್‌ಷೈರಿನಲ್ಲಿ ಅವನ ಪ್ರತಿಸ್ಪರ್ಧಿ ಹಿಲರಿ ಕ್ಲಿಂಟನ್ ಗೆದ್ದಳೆಂಬುದನ್ನೂ ಮರೆಯಬಾರದು; ಬಾಗಿಲು ತಟ್ಟುವ ಕೈಗಳು ಆ ಪಾಳೆಯದಲ್ಲಿಯೂ ಇದ್ದುವು.

ದಕ್ಷಿಣ ಕ್ಯಾರೊಲಿನದಲ್ಲಿ ಕ್ರಮ ಬೇರೆಯಾಗಬೇಕಾಯಿತು. ಕರಿಯರ ಮತಗಳನ್ನು ಪ್ರಭಾವಿಗಳಾದ ಪಾದ್ರಿಗಳ ಮತ್ತು ಪುಢಾರಿಗಳ ಮೂಲಕ ಒಟ್ಟಾಗಿ ಪಡೆಯುವುದು ಅಲ್ಲಿಯ ವಾಡಿಕೆ. ಗ್ಯಾನ್ಜನ ಶಿಷ್ಯನಾದ ಜೆರೆಮಿ ಬರ್ಡ್ ಅದನ್ನು ಬಿಟ್ಟು ರಾಸ್‌ನ ಗೃಹಸಭೆಗಳನ್ನೇ ಅಲ್ಲಿ ಹೂಡಿದನು, ಕ್ಷೌರದಂಗಡಿಗಳಲ್ಲಿಯೂ ಕೇಶಾಲಂಕಾರದ ಅಂಗಡಿಗಳಲ್ಲಿಯೂ ಮಾತುಕತೆ ಎಬ್ಬಿಸಿದನು. ಜನವರಿ 26ರಂದು ಅಲ್ಲಿ ಒಬಾಮಾನಿಗೆ ಶೇಕಡ 55. ಫೆಬ್ರವರಿ 5ರಂದು ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಒಂದೇ ದಿನ ಮತ ನೀಡಿದಾಗ ಇನ್ನೊಂದು ಸೋಜಿಗ ಕಂಡಿತು: ಜನಭರಿತವಾದ ನ್ಯೂ ಜೆರ್ಸಿಯನ್ನು ಗೆದ್ದ ಕ್ಲಿಂಟನ್ನಳಿಗೆ ಅಲ್ಲಿಂದ ದೊರೆತ ಪ್ರತಿನಿಧಿಗಳ ಮುನ್ನಡೆ 11, ಯಾರೂ ಲೆಕ್ಕಕ್ಕಿಡದಿದ್ದ ಐಡಹೋದ ಕಾಕಸ್ಸಿನಲ್ಲಿ 18ರಲ್ಲಿ 15ನ್ನು ಪಡೆದ ಒಬಾಮಾನ ಮುನ್ನಡೆ 12. ಜನ ಕಡಮೆಯಿರುವ ಕಡೆ ಕೆಲವೇ ಸಂಘಟಕರ ದುಡಿಮೆ ಎಷ್ಟು ದೂರ ಹೋಗುತ್ತದೆಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ನಿದರ್ಶನ ನನಗೆ ತೋರದು.

ಒಬಾಮಾ ಅಧ್ಯಕ್ಷನಾದ ಮೇಲೆ ಆ ಸಂಘಟನೆಗೆ ಒದಗಿದ ಗತಿ ವ್ಯಥೆಯ ವಿಷಯ. 2009ರಲ್ಲಿ ಅದನ್ನು ಪಕ್ಷದ ರಾಷ್ಟ್ರೀಯ ಸಮಿತಿಯ ಅಂಗವನ್ನಾಗಿ ಮಾಡಲಾಯಿತು. ನಿನ್ನೆ ತಮ್ಮ ತಮ್ಮ ಬೀದಿಗಳಲ್ಲಿ ಯೋಚಿಸಿ ನಿರ್ಧರಿಸುತ್ತಿದ್ದವರು ಇಂದು ರಾಜಧಾನಿಯಿಂದ ಬರುವ ಸೂಚನೆಗಳನ್ನು ಪಾಲಿಸುವವರಾದರು. ಸೇರಿದ ಜನರನ್ನು ಆಳುವ ಕಾಲದಲ್ಲಿ ಕೈಬಿಟ್ಟರೆಂದು ಗ್ಯಾನ್ಜ್ ಮರುವರ್ಷವೇ ಬಹಿರಂಗವಾಗಿ ಬರೆದನು. ಅವನ ಮಾತು ನನಗೆ ಸರಿಯಾಗಿ ಕಾಣುತ್ತದೆ. ಅಯೋವಾದ ಪ್ರಾಶಸ್ತ್ಯವೂ ಉಳಿಯಲಿಲ್ಲ. 2020ರಲ್ಲಿ ಎಣಿಕೆಯ ತಂತ್ರಾಂಶ ಕೆಟ್ಟು ಫಲಿತಾಂಶ ದಿನಗಟ್ಟಲೆ ತಡವಾಯಿತು. 2024ಕ್ಕೆ ಡೆಮಾಕ್ರಟಿಕ್ ಪಕ್ಷ ಮೊದಲ ಸ್ಥಾನವನ್ನು ದಕ್ಷಿಣ ಕ್ಯಾರೊಲಿನಕ್ಕೆ ಒಪ್ಪಿಸಿತು, ಅಯೋವಾದ ಆ ಪಕ್ಷದವರು ಅಧ್ಯಕ್ಷಾಭ್ಯರ್ಥಿಯ ಬಗೆಗಿನ ತಮ್ಮ ಮತವನ್ನು ಅಂಚೆಯಲ್ಲಿ ಕಳುಹಿಸಿದರು.